ನಗಿಸುವ ಕಾಯಕದ ವೀರಣ್ಣನವರು

ಹಾನಗಲ್ಲಿನ ಕಾಲೇಜೊಂದರಲ್ಲಿ ನಾನು ಕನ್ನಡದ ಅಧ್ಯಾಪಕ. ವರ್ಷಕ್ಕೊಮ್ಮೆ ಕಾವ್ಯಮೀಮಾಂಸೆಯ ತರಗತಿಯಲ್ಲಿ ಹಾಸ್ಯರಸದ ಸರದಿ ಬರುತ್ತದೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಭರತಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿರುವುದನ್ನು ಕಪ್ಪುಹಲಗೆಯ ಮೇಲೆ ಬರೆದು, ಉತ್ತಮರ ನಗೆ ಯಾವುದು, ಅಧಮರ ನಗೆ ಯಾವುದು ಎಂಬುದನ್ನು ಸಾವಕಾಶವಾಗಿ ವಿವರಿಸುತ್ತೇನೆ. ಇಷ್ಟು ವರ್ಷಗಳಲ್ಲಿ ಆ ಪಾಠವನ್ನು ಕೇಳಿ ಒಬ್ಬ ವಿದ್ಯಾರ್ಥಿಯಾದರೂ ನಕ್ಕುದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಆ ಪಾಠ ಮುಗಿದ ಮೇಲೆ ಒಬ್ಬ ಹುಡುಗ ಮಾತ್ರ ಹಿಂದುಳಿದ. ಅಕ್ಕಿಆಲೂರಿನ ಕಡೆಯವನು, ತಂದೆಗೆ ನಾಲ್ಕೆಕರೆ ಹೊಲ. ತಾನು ವೇದಿಕೆಯ ಮೇಲೆ ಒಬ್ಬನೇ ನಿಂತು ಜನರನ್ನು ನಗಿಸುವುದನ್ನೇ ಬದುಕಿನ ವೃತ್ತಿಯಾಗಿ ಹಿಡಿಯಬೇಕೆಂದಿದ್ದೇನೆ, ಆಗಬಹುದೇ ಎಂಬುದು ಅವನ ಪ್ರಶ್ನೆ. ಈಗಿನ ದಿನಗಳಲ್ಲಿ ಇದು ತೀರ ಹುಚ್ಚುಮಾತೇನೂ ಅಲ್ಲ. ನಗೆಹಬ್ಬಗಳುಂಟು, ದೂರದರ್ಶನದ ವಾಹಿನಿಗಳುಂಟು, ಅಂಗೈಯಲ್ಲಿನ ಮೊಬೈಲಿನಲ್ಲಿ ನಗಿಸಿ ಹಣ ಗಳಿಸುವವರೂ ಉಂಟು. ಮರುವಾರ ಅವನ ತಂದೆ ಬಂದರು. ಮಗನಿಗೆ ಬುದ್ಧಿ ಹೇಳಬೇಕೆಂದು ಕೈಮುಗಿದರು. ನಾನು ಇಬ್ಬರಿಗೂ ತಕ್ಷಣ ಉತ್ತರ ಕೊಡಲಾರದೆ ಹೋದೆ. ನಗಿಸುವ ವೃತ್ತಿಯೆಂದೊಡನೆ ನನ್ನ ಮನಸ್ಸಿಗೆ ಇಬ್ಬರು ಬರುತ್ತಾರೆ. ಒಬ್ಬರನ್ನು ಕನ್ನಡ ನಾಡೆಲ್ಲ ಬಲ್ಲದು. ಅವರು ಗುಬ್ಬಿ ವೀರಣ್ಣನವರು. ಇನ್ನೊಬ್ಬರನ್ನು ನಮ್ಮ ಮನೆಯವರ ಹೊರತು ಬಲ್ಲವರು ಕಡಿಮೆ.

ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಕೆಲವರು ಆಸಕ್ತರು ಕೂಡಿ, ಊರ ದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಕಂಪನಿಯನ್ನು ಕಟ್ಟಿದರು. ಆಗ ವೀರಣ್ಣನವರು ಹುಟ್ಟಿರಲಿಲ್ಲ. ಅವರು ಹುಟ್ಟಿದ್ದು 1891ರ ಸುಮಾರಿಗೆ. ಶಾಲೆಯ ವಿದ್ಯೆ ತಲೆಗೆ ಹತ್ತುವ ಮುನ್ನವೇ, ಇನ್ನೂ ಎಳೆಯ ಬಾಲಕನಾಗಿರುವಾಗ, ಬಣ್ಣದ ಮನೆಯನ್ನು ಹೊಕ್ಕರು. ಆ ಕಾಲದಲ್ಲಿ ಕಂಪನಿಗೆ ಹುಡುಗರು ಬೇಕಾಗಿದ್ದರು. ಬಾಲಪಾತ್ರಗಳಿಗೆ ಬೇಕು, ಸ್ತ್ರೀಪಾತ್ರಗಳಿಗೂ ಬೇಕು. ಹಾಗೆ ಬಂದ ನೂರಾರು ಹುಡುಗರಲ್ಲಿ ಬಹುಮಂದಿ ಮೀಸೆ ಮೂಡಿ ಗಂಟಲು ಒಡೆದೊಡನೆ ಊರಿಗೆ ಮರಳಿದರು. ಈ ಹುಡುಗ ಮರಳಲಿಲ್ಲ. ಸುಮಾರು 1917ರ ಹೊತ್ತಿಗೆ ಕಂಪನಿಯ ಒಡೆತನವೇ ಇವರ ಕೈಗೆ ಬಂದಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಕಾಲದ ವೃತ್ತಿರಂಗಭೂಮಿಯಲ್ಲಿ ನಾಯಕನೆಂದರೆ ಗಾಯಕ. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರಂಥವರು ರಂಗದ ಮೇಲೆ ಕಾಲಿಟ್ಟರೆಂದರೆ ಜನ ಕಿವಿಯಿಂದಲೇ ನಾಟಕವನ್ನು ನೋಡುತ್ತಿದ್ದರು. ರಾಜನ ಪಾತ್ರಧಾರಿಗೆ ಕಿರೀಟವುಂಟು, ರಾಗವುಂಟು, ಹಾರ್ಮೋನಿಯಂ ತಬಲಗಳ ಆಸರೆಯುಂಟು. ಕವಿ ಬರೆದುಕೊಟ್ಟ ಕಂದಪದ್ಯವುಂಟು. ಹಾಸ್ಯಗಾರನಿಗೆ ಇವಾವುವೂ ಇಲ್ಲ. ಹಿಂದೆ ಅರಮನೆಯ ಪರದೆಯನ್ನು ಸುತ್ತಿ ಕಾಡಿನ ಪರದೆಯನ್ನು ಇಳಿಸುವವರೆಗೆ, ಅಥವಾ ರಾಣಿಯ ಪಾತ್ರಧಾರಿ ಸೀರೆ ಬದಲಿಸುವವರೆಗೆ, ಮುಂದಿನ ಪರದೆಯ ಎದುರು ನಿಂತು ಜನರನ್ನು ಹಿಡಿದಿಡಬೇಕಾದವನು ಅವನು. ಬರೆದುಕೊಟ್ಟ ಮಾತು ಹತ್ತು ಸಾಲು, ತುಂಬಬೇಕಾದ ಹೊತ್ತು ಇಪ್ಪತ್ತು ನಿಮಿಷ. ಒಳಗಿನಿಂದ ಸೀಟಿ ಕೇಳಿಬರುವವರೆಗೆ ಅವನು ಒಳಗೆ ಹೋಗುವಂತಿಲ್ಲ. ಇಂದು ಪಟ್ಟಣಗಳಲ್ಲಿ ಒಬ್ಬನೇ ಮೈಕಿನ ಮುಂದೆ ನಿಂತು ನಗಿಸುವ ಕಲೆಯನ್ನು ಪಶ್ಚಿಮದಿಂದ ಬಂದ ಹೊಸ ಸರಕೆಂದು ಕೆಲವರು ಬಗೆದಿರುವರು. ನಮ್ಮ ದೊಡ್ಡಾಟದ ಸಾರಥಿಯನ್ನಾಗಲಿ, ಕಂಪನಿ ನಾಟಕದ ಹಾಸ್ಯಗಾರನನ್ನಾಗಲಿ ಅವರು ಕಂಡಿಲ್ಲವೆಂದಷ್ಟೇ ಹೇಳಬಹುದು.

ವೀರಣ್ಣನವರ ವಿಶೇಷವೆಂದರೆ, ಹೀಗೆ ಪರದೆ ಬದಲಿಸುವ ಅವಕಾಶವನ್ನು ತುಂಬಲು ಇದ್ದ ಪಾತ್ರವನ್ನೇ ನಾಟಕದ ಜೀವಾಳವಾಗಿ ಮಾಡಿದುದು. ಕಂಪನಿಯ ಮಾಲಿಕರು ರಾಜಪಾತ್ರವನ್ನು ತಮಗೆ ಕಾಯ್ದಿಟ್ಟುಕೊಳ್ಳುವುದು ರೂಢಿಯಾಗಿದ್ದಾಗ ಇವರು ಕಿರೀಟವನ್ನು ಇತರರಿಗೆ ಬಿಟ್ಟುಕೊಟ್ಟು ತಾವು ಹಾಸ್ಯಗಾರರಾಗಿ ಉಳಿದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಕಂಪನಿಗೆ ಬರೆದುಕೊಟ್ಟ ನಾಟಕಗಳಲ್ಲಿ ಸದಾರಮೆ ಒಂದು. ಅದರಲ್ಲಿ ಕಳ್ಳನ ಪಾತ್ರ ಇವರದು. ಸದಾರಮೆಯನ್ನು ಕದ್ದುಕೊಂಡು ಕಾಡುದಾರಿಯಲ್ಲಿ ಸಾಗುವ ಆ ಕಳ್ಳ, ಕದ್ದ ಹೆಣ್ಣಿನ ಜಾಣತನದೆದುರು ತಾನೇ ಪೆದ್ದನಾಗುತ್ತಾನೆ. ಕಥೆಯಲ್ಲಿ ಅದು ಒಂದು ತಿರುವು ಮಾತ್ರ. ವೀರಣ್ಣನವರ ಕಾಲಿನಲ್ಲಿ ಆ ಕಾಡು ಮುಗಿಯುವ ಹಾಗೆಯೇ ಇರಲಿಲ್ಲ. ಆಯಾ ಊರಿನ ಸುದ್ದಿ, ಆ ವಾರದ ಪೇಟೆಯ ಧಾರಣೆ, ಎದುರಿಗೆ ಕುಳಿತವರ ಕೆಮ್ಮು ಎಲ್ಲವೂ ಆ ಕಾಡಿನ ಗಿಡಮರಗಳಾಗುತ್ತಿದ್ದವು. ಜನ ಸದಾರಮೆಯ ಕಷ್ಟವನ್ನು ಮರೆತು ಕಳ್ಳನಿಗಾಗಿ ಕಾಯುತ್ತಿದ್ದರು.

ಈ ಕಳ್ಳನನ್ನು ನಮ್ಮ ಅಜ್ಜ ಕಣ್ಣಾರೆ ಕಂಡಿದ್ದರು. ನಮ್ಮ ಮೂಲ ಮನೆ ಹಿರೇಕೆರೂರಿನ ಕಡೆ, ಮದಗದ ಕೆರೆಯ ನೀರುಂಡ ಹಳ್ಳಿ. ಎರಡನೆಯ ಮಹಾಯುದ್ಧದ ಕಾಲವದು. ದಾವಣಗೆರೆಯಲ್ಲಿ ಗುಬ್ಬಿ ಕಂಪನಿ ಬೀಡುಬಿಟ್ಟಿದೆಯೆಂದು ಕೇಳಿ ಅಜ್ಜ ತಮ್ಮ ಕಿರಿಯ ತಮ್ಮನನ್ನು ಕರೆದುಕೊಂಡು ಚಕ್ಕಡಿಯಲ್ಲಿ ರಾಣೇಬೆನ್ನೂರಿಗೆ ಬಂದು, ಅಲ್ಲಿಂದ ರೈಲು ಹತ್ತಿದರಂತೆ. ಆಗ ನಮ್ಮ ಸೀಮೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದು. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ಮೈಸೂರು ಮಹಾರಾಜರ ಸಂಸ್ಥಾನ. 1956ರಲ್ಲಿ ನಾಡು ಒಂದಾಗುವುದಕ್ಕೆ ಮೊದಲೇ ಈ ನದಿಯನ್ನು ದಾಟಿ ಎರಡೂ ದಡದವರನ್ನು ಒಂದೇ ಮಾತಿಗೆ ನಗಿಸಿದವರಲ್ಲಿ ಕಂಪನಿಯ ಹಾಸ್ಯಗಾರರು ಮುಖ್ಯರೆಂದು ನನ್ನ ಎಣಿಕೆ. ಏಕೀಕರಣದ ಚರಿತ್ರೆಯನ್ನು ಬರೆದವರು ಇವರಿಗೆ ಒಂದು ಪುಟವನ್ನೂ ಕೊಟ್ಟಿಲ್ಲ.

ಅಜ್ಜನವರು ಹೇಳುತ್ತಿದ್ದುದಿಷ್ಟು: ವೀರಣ್ಣನವರು ಆಗಲೇ ಐವತ್ತು ದಾಟಿದವರು. ರಂಗದ ಮೇಲೆ ಬಂದು ಸ್ವಲ್ಪ ಹೊತ್ತು ಏನನ್ನೂ ಮಾತನಾಡಲಿಲ್ಲವಂತೆ. ಸುಮ್ಮನೆ ಜನರನ್ನು ನೋಡಿದರಂತೆ. ಜನ ನಕ್ಕರು. ನಕ್ಕುದೇಕೆಂದು ತಿಳಿಯದೆ ಕಳ್ಳನು ಗಾಬರಿಯಾದಂತೆ ಹಿಂದಿರುಗಿ ನೋಡಿದನು. ಜನ ಇನ್ನಷ್ಟು ನಕ್ಕರು. ಇದರಲ್ಲಿ ನಗುವಂಥದು ಏನಿತ್ತೆಂದು ಹುಡುಗನಾಗಿದ್ದಾಗ ನಾನು ಕೇಳುತ್ತಿದ್ದೆ. ಅಜ್ಜ ವಿವರಿಸಲು ತೊಡಗಿ, ತಾವೇ ನಕ್ಕು, ಕೆಮ್ಮು ಹತ್ತಿ, ಮಾತನ್ನು ಅಲ್ಲಿಗೇ ಬಿಡುತ್ತಿದ್ದರು. ಭರತಮುನಿಯ ಆರು ಬಗೆಗಳಲ್ಲಿ ಅದು ಯಾವುದೆಂದು ನಾನು ಈಗಲೂ ನಿರ್ಣಯಿಸಲಾರೆ.

ನಗೆಯ ಹಿಂದೆ ಲೆಕ್ಕದ ಪುಸ್ತಕವಿತ್ತು. ನಾಟಕ ಕಂಪನಿಯೆಂದರೆ ಚಲಿಸುವ ಒಂದು ಹಳ್ಳಿ. ನಟರು, ವಾದ್ಯದವರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು, ಅವರ ಹೆಂಡಿರು ಮಕ್ಕಳು. ಇವರೆಲ್ಲರ ಎರಡು ಹೊತ್ತಿನ ಊಟ ರಾತ್ರಿಯ ಗಲ್ಲಾಪೆಟ್ಟಿಗೆಯನ್ನು ಅವಲಂಬಿಸಿದ್ದಿತು. ಮಳೆ ಹಿಡಿದರೆ ಆಟವಿಲ್ಲ. ಊರಿಗೆ ಪ್ಲೇಗು ಬಂದರೆ ಆಟವಿಲ್ಲ. ಬೆಳೆ ಕೆಟ್ಟ ವರ್ಷ ಆಟವಿದ್ದರೂ ಜನವಿಲ್ಲ. ಒಡೆಯನೇ ಹಾಸ್ಯಗಾರನಾದರೆ ಆಗುವ ಸಂಕಟವನ್ನು ಓದುಗರು ಊಹಿಸಬಹುದು. ರಾಜಪಾತ್ರದ ಒಡೆಯನು ಮನಸ್ಸಿನ ಚಿಂತೆಯನ್ನು ಮುಖದ ಮೇಲೆ ಹೊತ್ತು ಬಂದರೂ ಅದು ಹರಿಶ್ಚಂದ್ರನ ಚಿಂತೆಯೆಂದು ಸಲ್ಲುತ್ತದೆ. ಕಳ್ಳನ ಪಾತ್ರದವನಿಗೆ ಆ ಸೌಕರ್ಯವೂ ಇಲ್ಲ. ರಂಗದ ಮೇಲಿನಿಂದ ಖಾಲಿ ಕುರ್ಚಿಗಳನ್ನು ಎಣಿಸುತ್ತ, ಅವುಗಳ ನಡುವೆ ಕುಳಿತವರನ್ನು ನಗಿಸಬೇಕು.

ಆದರೂ ಅವರು ಕೈ ಬಿಗಿಹಿಡಿದವರಲ್ಲ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು, ಗೌರವಸ್ಥರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ನಟಿಯರಿಗೆ ರಂಗವನ್ನು ತೆರೆದರು, ಬಿ. ಜಯಮ್ಮನವರು ಬೆಳಗಿದುದು ಇದೇ ಕಂಪನಿಯಲ್ಲಿ. 1934ರಲ್ಲಿ ಬೆಂಗಳೂರಿನಲ್ಲಿ ಕುರುಕ್ಷೇತ್ರ ನಾಟಕವನ್ನು ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಆನೆಗೆ ಮೇವು ಹಾಕಿ ಮಿಕ್ಕುದರಲ್ಲಿ ಮಾಲಿಕನು ಉಣ್ಣಬೇಕಾದ ಸಾಹಸವದು. ಇಂಥ ಅದ್ಧೂರಿಯಿಂದ ನಾಟಕದ ಸೂಕ್ಷ್ಮ ನಷ್ಟವಾಯಿತೆಂದು ವಿಮರ್ಶಕರು ಹೇಳುವರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಅಷ್ಟೊಂದು ಆನೆ ಕುದುರೆಗಳನ್ನು ಕಲೆಹಾಕಿದ ಮನುಷ್ಯನು ತನ್ನ ಸ್ವಂತ ಪಾತ್ರಕ್ಕೆ ಬಳಸಿದ ಸಲಕರಣೆ ಬರಿಯ ಮುಖ ಮತ್ತು ನಡಿಗೆ ಎಂಬುದನ್ನು ಮರೆಯಬಾರದು.

ಸಿನಿಮಾದ ಮೋಹವೂ ಅವರಿಗೆ ಸಾಕಷ್ಟು ಬೆಲೆಯನ್ನು ಕಟ್ಟಿಸಿತು. 1931ರ ಸುಮಾರಿಗೆ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದರು. ಅದೇ 1931ರಲ್ಲಿ ಹಿಂದಿಯ ಆಲಂ ಆರಾ ಮಾತನಾಡಿತು. ಮೂಕಿಯ ಕಾಲವೇ ಮುಗಿಯಿತು. ಮಾತಿನಿಂದ ಹೆಸರಾದ ಹಾಸ್ಯಗಾರ ಮಾತಿಲ್ಲದ ಚಿತ್ರಕ್ಕೆ ಹಣ ಹೂಡಿದ್ದೂ, ಆ ಹೊತ್ತಿಗೇ ಚಿತ್ರಗಳಿಗೆ ಮಾತು ಬಂದದ್ದೂ, ಅವರ ಬದುಕಿನ ಒಂದು ಕಹಿಯಾದ ವಿನೋದ. ಎದೆಗುಂದಲಿಲ್ಲ. 1935ರಲ್ಲಿ ಸದಾರಮೆ ಮಾತಿನ ಚಿತ್ರವಾಯಿತು. 1945ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಬಂದಿತು. 1954ರಲ್ಲಿ ಬೇಡರ ಕಣ್ಣಪ್ಪ. ಆ ಕಣ್ಣಪ್ಪನ ಪಾತ್ರಧಾರಿ ಯಾರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಅವರ ಮಗ ಮುತ್ತುರಾಜ ಅಲ್ಲಿಯೇ ಬಾಲಪಾತ್ರಗಳಲ್ಲಿ ಬೆಳೆದು ರಾಜ್‌ಕುಮಾರ್ ಆದರು. ಅದೇ ಚಿತ್ರದಲ್ಲಿ ಕಾಣಿಸಿಕೊಂಡ ನರಸಿಂಹರಾಜು ಮುಂದೆ ಕನ್ನಡ ಚಿತ್ರರಂಗದ ಹಾಸ್ಯಕ್ಕೇ ಹೆಸರಾದರು. ಅವರೂ ಕಂಪನಿ ನಾಟಕಗಳ ಅನ್ನ ಉಂಡವರೇ. ಮನೆ ಬಿಟ್ಟು ಓಡಿಬಂದು ಕಂಪನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಓದಿಗೆಂದು ಕಾಶಿಗೆ ಕಳುಹಿಸಿದರು. ಶಾಲೆಯ ಮೆಟ್ಟಿಲನ್ನು ತಾವು ಬಹಳ ಹತ್ತದ ಒಬ್ಬ ಹಾಸ್ಯಗಾರರು, ಓಡಿಬಂದ ಒಬ್ಬ ಹುಡುಗನ ಎಂ.ಎ. ಪದವಿಯ ಬಗೆಗೆ ಅಷ್ಟು ಆಸ್ಥೆ ವಹಿಸಿದ್ದು ನನಗೆ ಅವರ ಆನೆ ಕುದುರೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಎಂ.ಎ. ಮಾಡಿ ಅಧ್ಯಾಪಕನಾದವನ ಪಕ್ಷಪಾತವೆಂದು ಬೇಕಾದರೆ ತಿಳಿಯಿರಿ.

ತೆಲುಗು ನಾಡಿನಲ್ಲಿಯೂ ಅವರು ನಾಟಕವಾಡಿ ಗೆದ್ದರು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ಅವರಿಗೆ ಸಂದಿತು. ಪರಭಾಷೆಯಲ್ಲಿ ಅಳಿಸುವುದು ಸುಲಭ, ನಗಿಸುವುದು ಕಷ್ಟ. ಕಣ್ಣೀರಿಗೆ ನಿಘಂಟು ಬೇಡ. ನಗೆಗೆ ಆ ಊರಿನ ಬೈಗುಳವೂ ಬೇಕು, ಮುದ್ದಿನ ಮಾತೂ ಬೇಕು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1972ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ತಮ್ಮ ಆತ್ಮಕಥೆಗೆ ಕಲೆಯೇ ಕಾಯಕ ಎಂದು ಹೆಸರಿಟ್ಟಿದ್ದರು. ಈಗ ರಾಜ್ಯ ಸರಕಾರವು ರಂಗಭೂಮಿಯವರಿಗೆ ಕೊಡುವ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ.

ಇನ್ನು ಎರಡನೆಯವರ ಮಾತು. ದಾವಣಗೆರೆಯಿಂದ ಮರಳುವಾಗ ಅಜ್ಜನ ತಮ್ಮ, ನಾವು ಸಣ್ಣಜ್ಜ ಎನ್ನುತ್ತಿದ್ದವರು, ಚಕ್ಕಡಿಯಲ್ಲಿ ಕಳ್ಳನ ನಡೆನುಡಿಗಳನ್ನು ದಾರಿಯುದ್ದಕ್ಕೂ ಮಾಡಿ ತೋರಿಸಿದರಂತೆ. ಎತ್ತು ಹೊಡೆಯುವವನು ನಕ್ಕು ನಕ್ಕು ಹಗ್ಗ ಕೈಬಿಟ್ಟನಂತೆ. ಎರಡು ವರ್ಷದ ಬಳಿಕ ಅವರು ಒಂದು ಸಣ್ಣ ಕಂಪನಿಯೊಡನೆ ಹೊರಟುಹೋದರು. ನಲವತ್ತು ವರ್ಷ ಊರೂರು ತಿರುಗಿದರು. ವೀರಣ್ಣನವರಿಂದ ಕಂಡು ಕಲಿತ ಒಂದು ಪಾಠವನ್ನು ಅವರು ಬಿಡಲಿಲ್ಲವಂತೆ: ಊರು ಬದಲಾದರೆ ಮಾತು ಬದಲಾಗಬೇಕು. ಸವಣೂರಿನಲ್ಲಿ ಡೇರೆ ಹಾಕಿದರೆ ಅಲ್ಲಿನ ವೀಳ್ಯದೆಲೆಯನ್ನೂ ಖಾರವನ್ನೂ ದೊಡ್ಡ ಹುಣಸೆ ಮರವನ್ನೂ ಮಾತಿಗೆ ಎಳೆದುಕೊಳ್ಳುವರು; ಹಾನಗಲ್ಲಿನಲ್ಲಿ ಆನೆಕೆರೆಯನ್ನು. ಶಿಗ್ಗಾವಿಯೆಂದರೆ ಮಾತ್ರ ಅವರಿಗೆ ಅಳುಕು. ಶಿಶುನಾಳ ಶರೀಫರ ಪದಗಳನ್ನು ಕೇಳಿ ಬೆಳೆದ ಆ ಜನ ಯಾವ ತಮಾಷೆಯ ಮಾತಿಗೂ ಒಳಗಿನ ಅರ್ಥವನ್ನು ಹುಡುಕುತ್ತ ಕುಳಿತುಬಿಡುತ್ತಾರೆ, ನಗುವುದು ತಡವಾಗುತ್ತದೆ ಎಂಬುದು ಅವರ ದೂರಾಗಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಜಾತ್ರೆ ಅವರ ಸುಗ್ಗಿ.

ನಾನು ಎಂಟು ವರ್ಷದ ಹುಡುಗನಾಗಿದ್ದಾಗ ಅವರು ಮನೆಗೆ ಮರಳಿದರು. ತಂದದ್ದು ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಒಂದು ಟೋಪನ್ನು, ಅಂಟಿನ ಶೀಸೆಯನ್ನು, ಎರಡು ಜೊತೆ ಧೋತರವನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆಸ್ತಿಯ ಪಾಲಿನಲ್ಲಿ ಅವರ ಹೆಸರು ಎಂದೋ ಬಿಟ್ಟುಹೋಗಿದ್ದಿತು. ಅವರು ಕೇಳಲೂ ಇಲ್ಲ. ಜಗಲಿಯ ಮೇಲೆ ಇರುತ್ತಿದ್ದರು. ಊರವರು ಅವರನ್ನು ಕಂಡರೆ ಬಾಯಿ ತೆರೆಯುವ ಮುನ್ನವೇ ನಗುತ್ತಿದ್ದರು. ಬೀಜದ ಬೆಲೆಯನ್ನು ಕುರಿತು ಗಂಭೀರವಾಗಿ ಏನಾದರೂ ಹೇಳಿದರೂ ನಗುತ್ತಿದ್ದರು. ಒಂದು ಮಳೆಗಾಲದ ಸಂಜೆ ನಾವು ಐದಾರು ಹುಡುಗರು ಅವರನ್ನು ಸುತ್ತುಗಟ್ಟಿ ಕಳ್ಳನ ಆಟ ಮಾಡಿ ತೋರಿಸೆಂದು ಹಟ ಹಿಡಿದೆವು. ಅವರಿಗೆ ಜ್ವರವಿತ್ತು. ಮುಂದಾಳು ನಾನೇ. ಹೊದ್ದ ಕಂಬಳಿಯನ್ನು ನಾನೇ ಎಳೆದೆ. ಅವರು ಎದ್ದು ನಿಂತರು. ಏನೂ ಮಾತನಾಡದೆ ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು. ಬಳಿಕ ಗಾಬರಿಯಾದವರಂತೆ ಹಿಂದಿರುಗಿ ಗೋಡೆಯನ್ನು ನೋಡಿದರು. ನಾವು ಬಿದ್ದು ಬಿದ್ದು ನಕ್ಕೆವು. ಅದು ದಾವಣಗೆರೆಯ ಕಳ್ಳನ ಪ್ರವೇಶವೆಂಬುದು ಅಜ್ಜನ ಮಾತಿನಿಂದ ನನಗೆ ತಿಳಿದದ್ದು ತರುವಾಯ. ಎರಡು ಚಳಿಗಾಲ ಕಳೆದ ಮೇಲೆ ಅವರು ತೀರಿಕೊಂಡರು. ಆ ಕಂಬಳಿಯ ನೆನಪು ನನ್ನನ್ನು ಬಿಟ್ಟಿಲ್ಲ.

ಆದುದರಿಂದ ಹುಡುಗನ ತಂದೆಯೊಡನೆ ವೀರಣ್ಣನವರ ಕಥೆಯನ್ನಷ್ಟೇ ಹೇಳಿ ಧೈರ್ಯ ತುಂಬುವುದು ನನಗೆ ಪ್ರಾಮಾಣಿಕವೆನಿಸಲಿಲ್ಲ. ಸಣ್ಣಜ್ಜನ ಕಥೆಯನ್ನಷ್ಟೇ ಹೇಳಿ ಹುಡುಗನನ್ನು ಹೆದರಿಸುವುದೂ ಸರಿಯೆನಿಸಲಿಲ್ಲ. ಇಬ್ಬರನ್ನೂ ಕೂಡಿಸಿಕೊಂಡು ಎರಡನ್ನೂ ಹೇಳಿದೆ. ತಂದೆ ವೀರಣ್ಣನವರ ಕಂಪನಿಯಲ್ಲಿ ಎಷ್ಟು ಜನರಿಗೆ ಊಟ ಹಾಕುತ್ತಿದ್ದರೆಂದು ಕೇಳಿದರು. ಮಗ, ಸಣ್ಣಜ್ಜ ಗೋಡೆಯ ಕಡೆಗೆ ತಿರುಗುವ ಮುನ್ನ ಎಷ್ಟು ಹೊತ್ತು ನಮ್ಮನ್ನು ನೋಡುತ್ತ ನಿಂತಿದ್ದರೆಂದು ಕೇಳಿದ. ನಾನು ಅಂದಾಜಿನಿಂದ ಹೇಳಿದೆ. ಹುಡುಗ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ನನ್ನ ಪಾಠಗಳಲ್ಲಿ ಅವನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡುದನ್ನು ನಾನು ಕಂಡಿರಲಿಲ್ಲ.

ಪದವಿಯನ್ನು ಮುಗಿಸುವುದು, ಅಲ್ಲಿಯವರೆಗೆ ರಜೆಯ ದಿನಗಳಲ್ಲಿ ಮಾತ್ರ ವೇದಿಕೆ ಎಂದು ತಂದೆಮಕ್ಕಳ ನಡುವೆ ಒಪ್ಪಂದವಾಯಿತು. ಈ ಸಲದ ಗಣೇಶನ ಹಬ್ಬದಲ್ಲಿ ಅವರ ಊರಿನಲ್ಲಿ ಅವನ ಕಾರ್ಯಕ್ರಮವಿದ್ದಿತು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಮೊದಲ ಐದು ನಿಮಿಷ ಒಬ್ಬರೂ ನಗಲಿಲ್ಲ. ಮೊಬೈಲಿನಲ್ಲಿ ಕೇಳಿ ಕಲಿತ ಬೆಂಗಳೂರಿನ ಮಾತುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ನನ್ನ ಅಂಗೈ ಬೆವರಿತು. ಅವನ ತಂದೆ ಎದ್ದು ಹೋಗಿ ಕಂಬಕ್ಕೆ ಒರಗಿ ನಿಂತರು. ಹುಡುಗ ಮಾತನ್ನು ನಿಲ್ಲಿಸಿದ. ಮೈಕನ್ನು ಬಿಟ್ಟು, ಸುಮ್ಮನೆ ಜನರನ್ನು ನೋಡುತ್ತ ನಿಂತ. ಬಳಿಕ ಮೆಲ್ಲನೆ ಹಿಂದಿರುಗಿ ಗಣಪತಿಯನ್ನು ನೋಡಿದ. ಮುಂದೆ ನೆಲದ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಮೊದಲು ನಕ್ಕಳು.